ಕಡ್ಡಿ ಮುರಿಯದ ಹಿಂದಿನ ಚಕ್ರ: ನಾನೇ ಕಟ್ಟಿದ್ದು

ಡೇರೆ, ಒಲೆ, ನೀರು ಎಲ್ಲವನ್ನೂ ಸೈಕಲ್ಲಿಗೆ ಹೇರಿಕೊಂಡು ಶಿವಮೊಗ್ಗದಿಂದ ಹೊರಟು ಆಗುಂಬೆ ಘಾಟಿ ಇಳಿದೆ, ಮಲ್ಪೆ ಮುಟ್ಟಿದೆ, ಅದೇ ಘಾಟಿ ಹತ್ತಿ ವಾಪಸು ಬಂದೆ. ಹಿಂದಿನ ಚಕ್ರದ ಒಂದೇ ಒಂದು ಕಡ್ಡಿ (ಸ್ಪೋಕ್) ಮುರಿಯಲಿಲ್ಲ, ಬೆಂಡೂ ಬರಲಿಲ್ಲ. ಭಾನುವಾರದ ಸಕ್ರೆಬೈಲು ಸವಾರಿಯಲ್ಲಿ ‘ಇವನು ಮನೆಯಲ್ಲೇ ಕೂತು ಚಕ್ರ ಕಟ್ಟುತ್ತಾನಂತೆ’ ಎಂದು ನಕ್ಕವರಿಗೆ ಮೊದಲು ಇಷ್ಟು ಹೇಳಿಬಿಡುತ್ತೇನೆ.

ಇದಕ್ಕೆ ಮುಂಚಿನ ಕಥೆ ಬೇರೆ. ಕ್ಯಾರಿಯರ್ ಮೇಲೆ ಹದಿನೆಂಟು ಕಿಲೋ, ಅದರ ಮೇಲೆ ನನ್ನ ಎಂಬತ್ತು ಚಿಲ್ಲರೆ. ಮಂಡಗದ್ದೆ ದಾಟುವಷ್ಟರಲ್ಲಿ ‘ಟಿಣ್’ ಎಂದು ಕಡ್ಡಿ ಮುರಿಯುವುದು, ರಿಮ್ ಬ್ರೇಕ್ ಪ್ಯಾಡಿಗೆ ಉಜ್ಜುವುದು, ಉಳಿದ ದಾರಿಯಲ್ಲಿ ಬ್ರೇಕ್ ಬಿಚ್ಚಿಕೊಂಡು ತೀರ್ಥಹಳ್ಳಿಯವರೆಗೆ ಹೆಣಗುವುದು ನನಗೆ ವಾಡಿಕೆಯೇ ಆಗಿತ್ತು. ಅಂಗಡಿಯಲ್ಲಿ ಮುರಿದ ಒಂದು ಕಡ್ಡಿ ಬದಲಿಸಿ, ಬೆಂಡು ತೆಗೆದು ಇನ್ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಮುಂದಿನ ಸವಾರಿಯಲ್ಲಿ ಪಕ್ಕದ ಕಡ್ಡಿಯ ಸರದಿ. ‘ಲಗೇಜು ಕಡಿಮೆ ಮಾಡಿ ಸಾರ್’ ಎಂಬ ಉಪದೇಶ ಉಚಿತ. ಬೇಸತ್ತು ನಾಲ್ಕೂವರೆ ಸಾವಿರ ಕೊಟ್ಟು ಹೊಸ ಚಕ್ರವನ್ನೇ ತಂದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರದ್ದೂ ಅದೇ ಹಾಡು. ಭಾನುವಾರದ ಸವಾರಿ ಗುಂಪಿನವರು 36 ಕಡ್ಡಿಯ ಟೂರಿಂಗ್ ಚಕ್ರ ತರಿಸು ಎಂದರು. ಬೆಲೆ ಹನ್ನೆರಡು ಸಾವಿರದ ಆಸುಪಾಸು. ಅಜ್ಜಂದಿರ ಕಾಲದ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು, ಹಾಲಿನ ಕ್ಯಾನು, ಹುಲ್ಲಿನ ಹೊರೆ ಎಲ್ಲವನ್ನೂ ಹೊರುತ್ತಿದ್ದವು, ನಿಜ. ಆದರೆ ನನಗೆ ಅನುಮಾನವಿದ್ದದ್ದು ಕಡ್ಡಿಯ ಲೆಕ್ಕದ ಮೇಲಲ್ಲ, ಬಿಗಿಯ ಮೇಲೆ.

ಮುರಿದ ಕಡ್ಡಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಒಂದು ದಿನ ಮೇಜಿನ ಮೇಲೆ ಸುರಿದು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಚಕ್ರದ ನಡುವಿನ ಹಬ್ಬಿನ ಬಳಿಯ ಬಾಗಿನಲ್ಲೇ ತುಂಡಾಗಿದ್ದವು, ಅದರಲ್ಲೂ ಹೆಚ್ಚಿನವು ಎಡಗಡೆಯವು. ಬಲಗಡೆ ಕ್ಯಾಸೆಟ್ಟಿಗೆ, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ, ಜಾಗ ಬಿಡಬೇಕಾದ್ದರಿಂದ ಬಲದ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ, ರಿಮ್ ನಡುವಿಗೆ ಬರಬೇಕಾದರೆ ಎಡಗಡೆಯ ಕಡ್ಡಿಗಳು ಯಾವಾಗಲೂ ಸಡಿಲ. ನನ್ನ 135 ಮಿ.ಮೀ. ಅಗಲದ ಹಬ್ಬಿನಲ್ಲಿ ಬಲದ ಮೂರನೇ ಎರಡರಷ್ಟು ಬಿಗಿ ಸಿಕ್ಕರೆ ಹೆಚ್ಚು. ಚಕ್ರ ಒಂದು ಸುತ್ತು ಉರುಳಿದಾಗಲೆಲ್ಲ ನೆಲದ ಕಡೆಗೆ ಬಂದ ಕಡ್ಡಿ ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಾಗುತ್ತದೆ. ಕಿಲೋಮೀಟರಿಗೆ ಸುಮಾರು 475 ಸುತ್ತು. ತೀರ್ಥಹಳ್ಳಿ ತಲುಪುವಷ್ಟರಲ್ಲಿ ಇಪ್ಪತ್ತೆಂಟು ಸಾವಿರ ಸಲ ಅಲ್ಲಾಡಿದ ತಂತಿ ಎಷ್ಟು ದಿನ ತಡೆದೀತು?

ರಿಮ್, ಹಬ್ ಹಳೆಯವನ್ನೇ ಇಟ್ಟುಕೊಂಡೆ. ಬಲಕ್ಕೆ ಮಾಮೂಲಿ 2 ಮಿ.ಮೀ. ಸ್ಟೇನ್‌ಲೆಸ್ ಕಡ್ಡಿ, ಎಡಕ್ಕೆ ನಡುವೆ 1.8ಕ್ಕೆ ತೆಳುವಾಗುವ ಕಡ್ಡಿ. ತೆಳು ಕಡ್ಡಿ ಅದೇ ಬಿಗಿಯಲ್ಲಿ ಹೆಚ್ಚು ಹಿಗ್ಗಿರುತ್ತದೆ, ಹಾಗಾಗಿ ಭಾರ ಬಿದ್ದಾಗ ಪೂರ್ತಿ ಸಡಿಲವಾಗುವುದಿಲ್ಲ. ‘ದಪ್ಪ ಕಡ್ಡಿಯೇ ಮುರಿಯುವಾಗ ಇದ್ಯಾವ ಲೆಕ್ಕ’ ಎಂದು ಅಂಗಡಿಯವರು ಕೈಗೂ ತೆಗೆದುಕೊಳ್ಳಲಿಲ್ಲ. ಶಿವಮೊಗ್ಗದಲ್ಲಿ ಆ ಕಡ್ಡಿ ಸಿಗಲೂ ಇಲ್ಲ. ಬೆಂಗಳೂರಿನಿಂದ ಭಾವಮೈದುನ ತಂದುಕೊಟ್ಟ, ಒಂದಕ್ಕೆ ಎಪ್ಪತ್ತು ರೂಪಾಯಿಯಂತೆ. ಹಿತ್ತಾಳೆ ನಿಪ್ಪಲ್ (ರಿಮ್ಮಿನ ಬಳಿ ಕಡ್ಡಿಯನ್ನು ಬಿಗಿಯುವ ಪುಟ್ಟ ನಟ್ಟು), ಒಂದು ಒಳ್ಳೆಯ ಕಡ್ಡಿ ಕೀಲಿ ಸೇರಿ ಎಲ್ಲ ಎರಡು ಸಾವಿರದೊಳಗೆ ಮುಗಿಯಿತು.

ಹೆಣೆಯುವುದು ನಿಮಗೆಲ್ಲ ಗೊತ್ತಿರುವುದೇ, ಮೂರು ಅಡ್ಡ, ಅಂದರೆ ಪ್ರತಿ ಕಡ್ಡಿಯೂ ಅದೇ ಕಡೆಯ ಬೇರೆ ಮೂರು ಕಡ್ಡಿಗಳನ್ನು ದಾಟುತ್ತದೆ. ಸ್ಟ್ಯಾಂಡು ಇಲ್ಲ, ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಫ್ರೇಮಿಗೆ ಪ್ಲಾಸ್ಟಿಕ್ ಟೈ ಕಟ್ಟಿ ಅದರ ತುದಿಯನ್ನು ರಿಮ್ಮಿನ ಪಕ್ಕಕ್ಕೆ ತಂದರೆ ಸಾಕು. ರಿಮ್ ನಡುವಿನಲ್ಲಿದೆಯೇ ಎಂದು ನೋಡಲು ಚಕ್ರವನ್ನು ತಿರುವುಮುರುವು ಹಾಕುತ್ತೇನೆ, ಎರಡೂ ಸಲ ಟೈ ತುದಿಗೆ ಅಷ್ಟೇ ಅಂತರ ಬರಬೇಕು. ಕೀಲಿಯನ್ನು ಕಾಲು ಸುತ್ತು ತಿರುಗಿಸಿದರೆ ಅರ್ಧದಷ್ಟು ಕಡ್ಡಿಯೇ ತಿರುಚಿಕೊಂಡಿರುತ್ತದೆ, ಆದ್ದರಿಂದ ಸ್ವಲ್ಪ ಮುಂದೆ ಹೋಗಿ ಹಿಂದಕ್ಕೆ ಬರುವ ಅಭ್ಯಾಸ ಕೈಗೆ ಹತ್ತಬೇಕು. ನಿಪ್ಪಲ್ಲಿನ ತಿರುಪಿನ ಮರೆಗೆ ಏನು ಸವರುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತೆಂಗಿನೆಣ್ಣೆಯಂತೂ ಅಲ್ಲ.

ಬಿಗಿ ಅಳೆಯುವ ಮೀಟರಿಗೆ ಮೂರು ನಾಲ್ಕು ಸಾವಿರ. ಅದನ್ನು ಕೊಳ್ಳುವ ಬದಲು ಮಗಳನ್ನು ಕೂರಿಸಿಕೊಂಡೆ, ಪಿಟೀಲು ಕಲಿಯುತ್ತಾಳೆ. ಉಗುರಿನಿಂದ ಕಡ್ಡಿ ಮೀಟುತ್ತಾ ಹೋದೆ. ‘ಅಪ್ಪಾ, ಇದು ಇಳಿದಿದೆ, ಅದರಾಚೆಯದು ಏರಿದೆ’ ಎಂದು ಹೇಳುತ್ತಾ ಹೋದಳು. ಒಂದೇ ಕಡೆಯ ಕಡ್ಡಿಗಳನ್ನು ಮಾತ್ರ ಹೋಲಿಸಬೇಕು. ಎರಡೂ ಕಡೆ ಒಂದೇ ದಪ್ಪದ ಕಡ್ಡಿ ಇದ್ದ ಹಳೆಯ ಚಕ್ರವನ್ನು ಸರಿಯಾಗಿ ಬಿಗಿದಾಗ ಎಡ ಷಡ್ಜವಾದರೆ ಬಲ ಅದಕ್ಕಿಂತ ನಾಲ್ಕು ಸ್ವರಸ್ಥಾನ ಮೇಲಿನ ಅಂತರ ಗಾಂಧಾರದ ಹತ್ತಿರ ನುಡಿಯುತ್ತಿತ್ತು. ಎಡಕ್ಕೆ ತೆಳು ಕಡ್ಡಿ ಬಿದ್ದ ಮೇಲೆ ಎಡದ ಶ್ರುತಿಯೇ ಏರಿ, ಬಲ ಅದಕ್ಕಿಂತ ಎರಡೇ ಸ್ಥಾನ ಮೇಲಿನ ಚತುಶ್ರುತಿ ರಿಷಭಕ್ಕೆ ಬಂದು ನಿಂತಿತು. ಅಂಗಡಿಯಿಂದ ತಂದ ಆ ನಾಲ್ಕೂವರೆ ಸಾವಿರದ ಚಕ್ರದ ಎಡಗಡೆ ಮೀಟಿದರೆ ಸ್ವರವೇ ಇಲ್ಲ, ‘ಧಪ್ ಧಪ್’ ಎನ್ನುತ್ತಿತ್ತು. ಮುರಿಯದೆ ಇನ್ನೇನು?

ಎಲ್ಲರೂ ಬಿಟ್ಟುಬಿಡುವ ಕೆಲಸ ಇದರ ನಂತರದ್ದು. ಕೈಗವಸು ಹಾಕಿಕೊಂಡು ಸಮಾನಾಂತರವಾಗಿರುವ ಕಡ್ಡಿಗಳನ್ನು ಜೋಡಿ ಜೋಡಿಯಾಗಿ, ಅಂಗೈ ನೋಯುವಷ್ಟು ಬಲವಾಗಿ ಹಿಚುಕಬೇಕು. ಮೊದಲ ಸುತ್ತಿನಲ್ಲಿ ‘ಕಿರ್, ಟಕ್’ ಎಂದು ಸದ್ದು ಬರುತ್ತದೆ, ಬೆಂಡು ಮತ್ತೆ ಕಾಣಿಸಿಕೊಳ್ಳುತ್ತದೆ. ತೆಗೆಯಬೇಕು, ಮತ್ತೆ ಹಿಚುಕಬೇಕು, ಸದ್ದು ನಿಲ್ಲುವವರೆಗೆ. ಒಂದು ರಾತ್ರಿ ಹೀಗೆ ಹಿಚುಕಿದಾಗ ರಿಮ್ ಇದ್ದಕ್ಕಿದ್ದಂತೆ ಎಡಕ್ಕೂ ಬಲಕ್ಕೂ ಅಲೆಯಾಗಿ ಬಳುಕಿತು. ಬಿಗಿ ರಿಮ್ಮಿನ ಶಕ್ತಿಯನ್ನು ಮೀರಿದೆ ಎಂಬುದಕ್ಕೆ ಅದೇ ಗುರುತು. ಎಲ್ಲ ನಿಪ್ಪಲ್‌ಗಳನ್ನೂ ಅರ್ಧ ಸುತ್ತು ಬಿಟ್ಟೆ, ಮತ್ತೆ ಬೆಂಡು ತೆಗೆದೆ. ಆಮೇಲೆ ಹಿಚುಕಿದರೂ ಜಗ್ಗಲಿಲ್ಲ.

ಇದರ ನಡುವೆ ಕೆಲವು ಅಡ್ಡ ಪ್ರಯೋಗಗಳೂ ನಡೆದವು. ಸುಟ್ಟ ಮೋಟಾರಿನ ತಾಮ್ರದ ತಂತಿಯಿಂದ ಕಡ್ಡಿಗಳು ಕೂಡುವಲ್ಲಿ ಕಟ್ಟಿ ಬೆಸುಗೆ ಹಾಕಿದೆ. ನೋಡಲು ಚೆನ್ನಾಗಿತ್ತು, ಸವಾರಿಯಲ್ಲಿ ಏನೂ ವ್ಯತ್ಯಾಸವಿಲ್ಲ. ದಾರಿಯಲ್ಲಿ ಕಡ್ಡಿ ಮುರಿದರೆ ತುರ್ತಿಗೆ ಇರಲಿ ಎಂದು ಡೇರೆಯ ನೈಲಾನ್ ಹಗ್ಗವನ್ನು ಕಡ್ಡಿಯ ಜಾಗದಲ್ಲಿ ಎಳೆದು ಕಟ್ಟಿ ನೋಡಿದೆ, ಹತ್ತು ಕಿಲೋಮೀಟರಿಗೆ ಹಿಗ್ಗಿ ಜೋತುಬಿತ್ತು. ಮಲ್ಪೆ ಬಂದರಿನ ಬಳಿಯ ಅಂಗಡಿಯಲ್ಲಿ ಸಿಗುವ ಹೆಣೆದ ಗಾಳದ ದಾರ ಹಿಗ್ಗುವುದಿಲ್ಲ, ನಾಲ್ಕು ಎಳೆ ಸೇರಿಸಿದರೆ ಮನೆ ಮುಟ್ಟಿಸುತ್ತದೆ. ಕ್ಯಾಸೆಟ್ ಬಿಚ್ಚದೆಯೇ ಬಲಗಡೆಗೂ ಪೋಣಿಸಬಹುದು, ಅದೊಂದು ಲಾಭ. ಪೇಂಟಿನ ಇಪ್ಪತ್ತು ಲೀಟರ್ ಬಕೆಟ್‌ಗಳಿಗೆ ಕೊಕ್ಕೆ ಹಾಕಿ ಕ್ಯಾರಿಯರ್‌ನ ಎರಡೂ ಬದಿಗೆ ತೂಗುಹಾಕಿದ್ದೇನೆ. ಆಗುಂಬೆಯ ಮಳೆಯಲ್ಲೂ ಒಳಗೆ ಹನಿ ನೀರಿಲ್ಲ. ಮೇಗರವಳ್ಳಿಯ ಹತ್ತಿರ ಪರಿಚಯದವರ ಅಡಿಕೆ ಅಂಗಳದಲ್ಲಿ ಡೇರೆ ಹಾಕಿದಾಗ ಅವೇ ಕುರ್ಚಿ. ಸೋಮೇಶ್ವರ ಅಭಯಾರಣ್ಯದೊಳಗೆ ಡೇರೆಯ ಆಸೆ ಇಟ್ಟುಕೊಳ್ಳಬೇಡಿ.

ನೀರನ್ನೆಲ್ಲ ಮುಂದಿನ ಫೋರ್ಕಿಗೆ ವರ್ಗಾಯಿಸಿದ್ದರಿಂದ ಹಿಂದೆ ನಾಲ್ಕು ಕಿಲೋ ಇಳಿದಿದೆ. ಕಡ್ಡಿ ಉಳಿದದ್ದು ಅದರಿಂದಲೇ ಎಂದು ಗುಂಪಿನ ಒಬ್ಬರು ಈಗಲೂ ವಾದಿಸುತ್ತಾರೆ. ಅವರ ಹಿಂದಿನ ಚಕ್ರ ಈಗ ನನ್ನ ಜಗಲಿಯಲ್ಲಿದೆ, ಮುಂದಿನ ಭಾನುವಾರಕ್ಕೆ ಬೇಕಂತೆ. ಕಡ್ಡಿಯ ಖರ್ಚು ಅವರದು, ಕೂಲಿ ಐನೂರು. ಸ್ವರ ಹೇಳುವವಳಿಗೆ ಅದರಲ್ಲಿ ನೂರು ಕೊಡಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿದೆ.