ಟ್ಯಾಬ್‌ನಲ್ಲಿ ಓದಿದ್ದು ನೆನಪಿನಲ್ಲಿ ಉಳಿಯಲು ಹೀಗೆ ಮಾಡಿ

ಪಾಠದ ವಿಡಿಯೊ ಓಡುತ್ತಿರುತ್ತದೆ. ಮೇಲಿನಿಂದ ಒಂದು ಮೆಸೇಜ್ ಇಳಿಯುತ್ತದೆ. ಸುಮ್ನೆ ಒಮ್ಮೆ ನೋಡೋಣ ಅಂತ ಒತ್ತಿದರೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಹಾಗಾಗಿ ಮೊದಲ ಕೆಲಸ ಸೆಟ್ಟಿಂಗ್ಸ್‌ನಲ್ಲಿ. ಓದುವ ಹೊತ್ತಿಗೆ ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ. ಮೊದಲ ಪರದೆಯಲ್ಲಿ ಓದಿನ ಆ್ಯಪ್‌ಗಳು ಮಾತ್ರ ಇರಲಿ.

ಇನ್ನು ಪುಸ್ತಕ. ಇ-ಪುಸ್ತಕ ಇಳಿಸಿಕೊಳ್ಳುವಾಗ ಪಿಡಿಎಫ್, ಇಪಬ್ ಎಂಬ ಎರಡು ಆಯ್ಕೆ ಸಿಗುವುದುಂಟು. ಪಿಡಿಎಫ್ ಅಂದರೆ ಅಚ್ಚಾದ ಪುಟ ಇದ್ದ ಹಾಗೇ. ಫೋನಿನಲ್ಲಿ ತೆರೆದರೆ ಅಕ್ಷರ ಇರುವೆಯಷ್ಟು. ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಬೆರಳಿನಿಂದ ಆಚೀಚೆ ಎಳೆಯಬೇಕು. ಎರಡು ಪುಟಕ್ಕೇ ಸಾಕಾಗುತ್ತದೆ. ಇಪಬ್‌ನಲ್ಲಿ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಬರಹವೇ ಜಾಸ್ತಿ ಇರುವ ಪುಸ್ತಕಕ್ಕೆ ಇಪಬ್, ಸೂತ್ರ ಮತ್ತು ಕೋಷ್ಟಕ ತುಂಬಿರುವ ಪುಸ್ತಕಕ್ಕೆ ದೊಡ್ಡ ಪರದೆಯ ಟ್ಯಾಬ್‌ನಲ್ಲಿ ಪಿಡಿಎಫ್ ಒಳ್ಳೆಯದು. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸಾವಿರಾರು ಹಳೆಯ ಪುಸ್ತಕಗಳು ಇಪಬ್ ಆಗಿ ಉಚಿತವಾಗಿ ಸಿಗುತ್ತವೆ.

ಪುಸ್ತಕ, ವಿಡಿಯೊ ಎಲ್ಲವನ್ನೂ ವೈಫೈ ಇರುವಾಗಲೇ ಇಳಿಸಿಟ್ಟುಕೊಳ್ಳಿ.

ಓದುವಾಗ ಇಡೀ ಪುಟಕ್ಕೆ ಹಳದಿ ಬಣ್ಣ ಬಳಿಯಬೇಡಿ. ಬೆರಳು ಆಡುತ್ತಿರುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ. ಅದರ ಬದಲು ಒಂದು ಅಧ್ಯಾಯ ಮುಗಿದ ಕೂಡಲೇ ಟ್ಯಾಬ್ ಮಗುಚಿ ಇಡಿ. ನೆನಪಿರುವುದನ್ನು ಕಾಗದದ ಮೇಲೆ ಬರೆಯಿರಿ. ಆಮೇಲೆ ತೆರೆದು ನೋಡಿದರೆ ಎಲ್ಲಿ ತಪ್ಪಿದ್ದೀರಿ ಅನ್ನುವುದು ಕಣ್ಣಿಗೆ ಕಾಣುತ್ತದೆ. ನನ್ನ ಪ್ರಕಾರ ಎಲ್ಲ ಆ್ಯಪ್‌ಗಳಿಗಿಂತ ದೊಡ್ಡ ಸಾಧನ ಈ ಖಾಲಿ ಹಾಳೆ.

ತಪ್ಪಿದ್ದನ್ನೆಲ್ಲ ಆಂಕಿಯಂಥ ಆ್ಯಪ್‌ನಲ್ಲಿ ಪ್ರಶ್ನೆ-ಉತ್ತರದ ಕಾರ್ಡ್ ಮಾಡಿಡಿ. ಕಾರ್ಡ್ ಚಿಕ್ಕದಿರಲಿ. ‘ದ್ಯುತಿಸಂಶ್ಲೇಷಣೆ ಎಂದರೇನು?’ ಅಂತ ಬರೆದು ಹಿಂದೆ ಒಂದು ಪ್ಯಾರಾ ತುಂಬಿದರೆ ಉಪಯೋಗವಿಲ್ಲ. ‘ದ್ಯುತಿಸಂಶ್ಲೇಷಣೆಯಲ್ಲಿ ಹೊರಬರುವ ಅನಿಲ ಯಾವುದು?’ ಅಂತ ಕೇಳಿ. ಉತ್ತರ ಒಂದೇ ಪದ: ಆಮ್ಲಜನಕ. ಆ್ಯಪ್ ಕೇಳಿದಾಗ ಸರಿ ಹೇಳಿದ ಕಾರ್ಡ್ ಕೆಲವು ದಿನ ಬಿಟ್ಟು ಬರುತ್ತದೆ, ಮತ್ತೆ ಸರಿಯಾದರೆ ಇನ್ನೂ ತಡವಾಗಿ. ತಪ್ಪಿದ್ದು ಬೇಗನೇ ತಿರುಗಿ ಬರುತ್ತದೆ.

ದಿನಕ್ಕೆ ಐದು ಹೊಸ ಕಾರ್ಡ್ ಸಾಕು. ಒಂದೇ ದಿನ ಐವತ್ತು ಸೇರಿಸಿದರೆ ವಾರದೊಳಗೆ ರಾಶಿ ಬೀಳುತ್ತದೆ. ಬಿದ್ದೇಬಿಟ್ಟರೆ ಹೊಸದನ್ನು ನಿಲ್ಲಿಸಿ, ಹಳೆಯ ರಾಶಿ ಕರಗುವವರೆಗೆ ದಿನಾ ಹತ್ತು ನಿಮಿಷ ಅದಕ್ಕೇ ಕೊಡಿ.