ಡಬ್ಬಿ ಬಸ್

ಕಿವಿ ಸರಿಯಾಗಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುವ ಟೀಚರ್ ನಾನು. ಅವರಲ್ಲಿ ಒಬ್ಬಳನ್ನು ಇಲ್ಲಿ ಪುಟ್ಟಿ ಅಂತಲೇ ಕರೆಯುತ್ತೇನೆ. ಆಗ ಅವಳಿಗೆ 4 ವರ್ಷ. ಒಂದು ದಿನ ಊಟದ ಡಬ್ಬಿ ಇಲ್ಲದೆ ಶಾಲೆಗೆ ಬಂದಳು. "ಡಬ್ಬಿ ಎಲ್ಲಿ ಪುಟ್ಟಿ?" ಅಂದೆ. "ಡಬ್ಬಿ ಬಸ್" ಅಂದಳು. ಬಸ್‌ನಲ್ಲಿ ಬಿಟ್ಟು ಬಂದಳೋ, ಬಸ್‌ನಿಂದ ಕೆಳಗೆ ಬಿತ್ತೋ? ಮತ್ತೆ ಕೇಳಿದೆ. "ಡಬ್ಬಿ ಅಣ್ಣ" ಅಂದಳು. ಅಣ್ಣನಿಗೆ ಕೊಟ್ಟಳಾ? ಅಣ್ಣ ಕಿತ್ತುಕೊಂಡನಾ? ನಾಲ್ಕನೇ ಸಲ ಕೇಳಿದಾಗ ಅಳುವುದಕ್ಕೆ ಶುರು ಮಾಡಿದಳು.

ಇದೇ ಹುಡುಗಿ ಹಿಂದಿನ ತಿಂಗಳು ಶಾಲೆಯ ಕಾರ್ಯಕ್ರಮದಲ್ಲಿ 80 ಚಿತ್ರ ನೋಡಿ ಪಟಪಟ ಹೆಸರು ಹೇಳಿದ್ದಳು. ಜನ ಚಪ್ಪಾಳೆ ತಟ್ಟಿದ್ದರು. ನಾನೂ ಉಬ್ಬಿಹೋಗಿದ್ದೆ. ಒಂದು ವರ್ಷ ಕಾರ್ಡ್ ಹಿಡಿದು "ಇದೇನು? ಇದೇನು?" ಅಂತ ಕೇಳಿ ಕೇಳಿ ಕಲಿಸಿದ್ದೆ. ಅಷ್ಟೆಲ್ಲ ಹೆಸರು ಗೊತ್ತಿದ್ದೂ ಡಬ್ಬಿ ಏನಾಯಿತು ಅಂತ ಹೇಳಲು ಅವಳಿಗೆ ಬರಲಿಲ್ಲ.

ನಮ್ಮ ಕನ್ನಡ ಹೇಗಿದೆ ನೋಡಿ. ಊಟ ಮಾಡಿದೆ, ಊಟ ಮಾಡಿದೆಯಾ, ಊಟ ಮಾಡಲಿಲ್ಲ, ಊಟ ಮಾಡಬೇಡ. ತಲೆ ಒಂದೇ, ಬಾಲ ಮಾತ್ರ ಬೇರೆ. ಹೇಳಿದ್ದಾ, ಕೇಳಿದ್ದಾ, ಬೇಡ ಅಂದಿದ್ದಾ, ಎಲ್ಲ ಬಾಲದಲ್ಲೇ ಇದೆ. ಮಾತಾಡುವಾಗ ನಮ್ಮ ದನಿ ಇಳಿಯುವುದೂ ಅಲ್ಲೇ. ಕಿವಿ ಚೆನ್ನಾಗಿರುವ ಮಗು ಅದನ್ನು ಹೇಗೋ ಹಿಡಿದುಕೊಳ್ಳುತ್ತದೆ. ಕಿವಿ ಕೇಳಿಸುವ ಮಿಷನ್ (ಹಿಯರಿಂಗ್ ಏಡ್) ಹಾಕಿಕೊಂಡ ಮಗುವಿಗೆ, ಅದೂ ತಲೆ ಮೇಲೆ ಫ್ಯಾನ್ ಗರಗರ ಅನ್ನುತ್ತಿದ್ದರೆ, ಮೊದಲು ಕಳೆದುಹೋಗುವುದು ಆ ಬಾಲವೇ.

ಹಾಗಾಗಿ ನಾನು ಮೊದಲು ಮಾಡಿದ ಕೆಲಸ ಪಾಠವಲ್ಲ, ಮಿಷನ್ ನೋಡುವುದು. ದಿನಾ ಬೆಳಿಗ್ಗೆ ಮಗುವಿನ ಹಿಂದೆ ನಿಂತು ಆರು ಸದ್ದು ಮಾಡುತ್ತೇನೆ: ಆ, ಊ, ಈ, ಮ್, ಶ್, ಸ್. ಡೇನಿಯಲ್ ಲಿಂಗ್ ಅನ್ನುವವರು ರೂಢಿಗೆ ತಂದ ಪರೀಕ್ಷೆ ಇದು. ಮ್ ತಗ್ಗಿನ ಸದ್ದು, ಸ್ ತೀರಾ ತೆಳು ಸದ್ದು, ಉಳಿದವು ನಡುವೆ. ಆರೂ ಕೇಳಿಸಿದರೆ ಮಾತಿನ ಸದ್ದುಗಳು ಹೆಚ್ಚುಕಡಿಮೆ ಕಿವಿಗೆ ಬೀಳುತ್ತಿವೆ ಅಂತ. ಸದ್ದು ಕೇಳಿದಾಗಲೆಲ್ಲ ಮಗು ಕೋಲಿಗೆ ಒಂದು ಬಳೆ ಹಾಕಬೇಕು. (ಹುಣಸೆ ಬೀಜ ಬೇಡ. ಮೂಗಿಗೆ ತುರುಕಿಕೊಳ್ಳುತ್ತಾರೆ. ಅನುಭವದ ಮೇಲೆ ಹೇಳುತ್ತಿದ್ದೇನೆ.) ಪುಟ್ಟಿ ಸ್ ಬಂದಾಗ ಬಳೆ ಹಿಡಿದು ಸುಮ್ನೆ ಕೂತಿದ್ದಳು. ಕಿವಿ ಬೆಳೆದು ಮೋಲ್ಡ್, ಅಂದರೆ ಕಿವಿಯೊಳಗೆ ಕೂರುವ ಮಿಷನ್ನಿನ ಅಚ್ಚು, ಸಡಿಲವಾಗಿತ್ತು. ಕುಂಯ್ ಅಂತ ಕೂಗುತ್ತದೆ ಎಂದು ಮನೆಯಲ್ಲಿ ವಾಲ್ಯೂಮ್ ಇಳಿಸಿಬಿಟ್ಟಿದ್ದರು. ಸೆಲ್ ಉಳಿಸಲು ಶಾಲೆ ಬಿಟ್ಟ ಮೇಲೆ ಮಿಷನ್ ತೆಗೆದೂ ಇಡುತ್ತಿದ್ದರು. ಮನೆಯ ಮಾತು ಕಿವಿಗೆ ಬೀಳದಿದ್ದರೆ ಶಾಲೆಯ ಮೂರು ಗಂಟೆಯಿಂದ ಏನಾಗುತ್ತದೆ?

ಹೊಸ ಮೋಲ್ಡ್ ಬಂದ ಮೇಲೆ ಕಾರ್ಡ್‌ಗಳನ್ನು ಬೀರುವಿಗೆ ಹಾಕಿದೆ. ಒಂದು ಬಟ್ಟೆ ಚೀಲ, ಒಂದು ಬುಟ್ಟಿ, ಒಂದಷ್ಟು ಕಡಲೆಕಾಯಿ ತಂದೆ. "ಚೀಲಕ್ಕೆ ಹಾಕು", "ಚೀಲದಿಂದ ತೆಗಿ". ಮೊದಲ ದಿನವೇ ತಪ್ಪಿಲ್ಲದೆ ಮಾಡಿದಳು. ಖುಷಿಯೋ ಖುಷಿ. ಸಂಜೆ ಯೋಚಿಸಿದಾಗ ಹೊಳೆಯಿತು, ಅವಳು ಕೇಳಿಸಿಕೊಂಡಿದ್ದು "ಹಾಕು", "ತೆಗಿ" ಎರಡೇ. ಚೀಲದ ಹಿಂದಿನ "ಕ್ಕೆ", "ದಿಂದ" ಅನ್ನುವ ಬಾಲ ಅವಳಿಗೆ ಬೇಕೇ ಆಗಿರಲಿಲ್ಲ.

ಮಾರನೇ ದಿನ ಎರಡರಲ್ಲೂ ಕಡಲೆಕಾಯಿ ಇಟ್ಟೆ. "ಚೀಲದಿಂದ ಬುಟ್ಟಿಗೆ ಹಾಕು." ಆಮೇಲೆ "ಬುಟ್ಟಿಯಿಂದ ಚೀಲಕ್ಕೆ ಹಾಕು." ಈಗ ಕಷ್ಟವಾಯಿತು. ನನ್ನ ಮುಖ ನೋಡಿದಳು, ಚೀಲ ನೋಡಿದಳು, ಕೊನೆಗೆ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ದಿನದ ಮೇಲೆ ಇದು ಸರಾಗವಾದಾಗ ಮಾತನ್ನು ತಿರುಗಿಸಿದೆ: "ಬುಟ್ಟಿಗೆ ಹಾಕು, ಚೀಲದಿಂದ." ಮತ್ತೆ ಎಡವಿದಳು. ಯಾವುದು ಮೊದಲು ಬಂತು ಅಂತ ನೋಡಿ ಊಹೆ ಮಾಡುತ್ತಿದ್ದಳು. ಚಾಲಾಕಿ! ಮಕ್ಕಳು ಕೇಳಿಸಿಕೊಳ್ಳದೆ ಸರಿ ಉತ್ತರ ಕೊಡಲು ಎಷ್ಟು ದಾರಿ ಹುಡುಕುತ್ತಾರೆ ಅನ್ನುವುದನ್ನು ನಾನು ಆ ಚೀಲದಿಂದಲೇ ಕಲಿತೆ.

ಎದುರಿಗೆ ಕೂರುವುದನ್ನೂ ಬಿಟ್ಟೆ. ಮಿಷನ್‌ನ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ ಕೂರುತ್ತೇನೆ. ತುಟಿ ನೋಡಿ ಊಹಿಸದೆ ಕಿವಿಯಿಂದ ಕೇಳಲಿ ಅಂತ. ತುಟಿ ನೋಡಿದರೆ "ಪಾಪ", "ಮಾಮ" ಎರಡೂ ಒಂದೇ ಥರ ಕಾಣುತ್ತವೆ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಹೇಳಿ ನೋಡಿ. ಹಾಗಂತ ಕೈಯಿಂದ ಬಾಯಿ ಮುಚ್ಚಿಕೊಂಡು ಮಾತಾಡಬಾರದು, ಸದ್ದೂ ಮುಚ್ಚಿಹೋಗುತ್ತದೆ. ಕೈಸನ್ನೆ ಮಾಡಿದರೆ ಮಾತು ಬರಲ್ಲ ಅಂತ ತಾಯಂದಿರನ್ನು ಹೆದರಿಸುವವರಿದ್ದಾರೆ. ನಾನೂ ಹೆದರಿಸಿದ್ದೇನೆ. ಈಗ ಇಲ್ಲ.

ಅವಳ ಅಮ್ಮನ ವಿಷಯ ಹೇಳಬೇಕು. ಒಂದು ಶನಿವಾರ ಅವರ ಮನೆಗೆ ಹೋಗಿದ್ದೆ. ಒಲೆ ಮುಂದೆ ರೊಟ್ಟಿ ತಟ್ಟುತ್ತಾ ಮಗಳ ಜೊತೆ ಮಾತಾಡುತ್ತಿದ್ದರು. "ಬಾ." "ರೊಟ್ಟಿ." "ನೀರು." ಅಷ್ಟೇ. "ಯಾಕಮ್ಮ ಹೀಗೆ?" ಅಂದೆ.

"ಉದ್ದ ಮಾತು ಅವಳಿಗೆ ತಿಳಿಯಲ್ಲ ಮೇಡಂ. ಒಂದೊಂದೇ ಪದ ಹೇಳಿ ಅಂತ ನೀವೇ ಹೇಳಿದ್ರಲ್ಲಾ."

ಹೌದು, ಹೇಳಿದ್ದೆ. ಏನಂತ ಉತ್ತರ ಕೊಡಲಿ? ಪಕ್ಕದಲ್ಲಿ ಕೂತೆ. "ದೊಡ್ಡ ಮಗನ ಜೊತೆ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ. ಹತ್ತಿರ ಕೂರಿಸಿಕೊಳ್ಳಿ, ಟಿವಿ ಆರಿಸಿ. ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತೆ, ಅದಕ್ಕೇ ಹಿತ್ತಲಿಂದ ಕೂಗಬೇಡಿ" ಅಂದೆ. ಡೆಸಿಬಲ್ ಅವರಿಗೆ ಬೇಕಿರಲಿಲ್ಲ, ಹಿತ್ತಲು ಅರ್ಥವಾಯಿತು. "ರೊಟ್ಟೀನ ಹೆಂಚಿಗೆ ಹಾಕ್ತೀನಿ ನೋಡು. ಹೆಂಚಿಂದ ತೆಗೀತೀನಿ. ತಟ್ಟೇಲಿ ಇಡ್ತೀನಿ. ಈಗ ಅಣ್ಣಂಗೆ ಕೊಡು" ಅಂತ ಶುರು ಮಾಡಿದರು. ಅರ್ಧ ಗಂಟೆಯಲ್ಲಿ, ನಾನು ಚೀಲ ಹಿಡಿದು ಒಂದು ವಾರ ಹೇಳುವುದಕ್ಕಿಂತ ಜಾಸ್ತಿ ಬಾಲಗಳು ಆ ಮಗುವಿನ ಕಿವಿಗೆ ಬಿದ್ದವು. ಅದೂ ಬಿಸಿ ರೊಟ್ಟಿ ಸಮೇತ.

ಅತ್ತೆಗೆ ಮಾತ್ರ ಇದು ಹಿಡಿಸಲಿಲ್ಲ. "ಕಿವುಡು ಮಗುವಿಗೆ ಇಷ್ಟೊಂದು ಮಾತಾ?" ಅಂತ ಗೊಣಗಿದರು. ಆಮೇಲೆ ಮೊಮ್ಮಗಳಿಗೆ ಹೂ ಕಟ್ಟುತ್ತಾ ಅತಿ ಹೆಚ್ಚು ಮಾತಾಡಿದವರು ಅವರೇ ಅನ್ನಿ.

ಕೆಲಸ ಬೇಗ ಆಗಲಿಲ್ಲ. ಹುಟ್ಟಿದ 1 ತಿಂಗಳೊಳಗೆ ಕಿವಿ ಪರೀಕ್ಷೆ, 3 ತಿಂಗಳೊಳಗೆ ತೊಂದರೆ ಇದೆಯಾ ಅನ್ನುವ ಖಚಿತತೆ, 6 ತಿಂಗಳೊಳಗೆ ಮಿಷನ್ ಮತ್ತು ತರಬೇತಿ ಆಗಬೇಕು ಅನ್ನುತ್ತಾರೆ. ಪುಟ್ಟಿಗೆ ಮಿಷನ್ ಬಂದಿದ್ದೇ 3 ವರ್ಷಕ್ಕೆ. ಹಾಗಾಗಿ ನಾವು ಕಿವಿಯ ವಯಸ್ಸನ್ನು ಬೇರೆ ಲೆಕ್ಕ ಹಾಕುತ್ತೇವೆ. ಡಬ್ಬಿ ಬಸ್ ಅಂದ ದಿನ ಅವಳ ಕಿವಿಗೆ ಒಂದೇ ವರ್ಷ.

ಎಂಟು ತಿಂಗಳ ಮೇಲೆ ಮತ್ತೊಮ್ಮೆ ಡಬ್ಬಿ ಇಲ್ಲದೆ ಬಂದಳು. ಈ ಸಲ ನಾನು ಕೇಳುವ ಮೊದಲೇ ಓಡಿ ಬಂದು ಹೇಳಿದಳು: "ಮಿಸ್, ಡಬ್ಬಿ ಅಣ್ಣಕ್ಕೆ ಕೊಟ್ಟೆ."

ಚೀಲಕ್ಕೆ, ಮರಕ್ಕೆ ಇದ್ದ ಹಾಗೆ ಅಣ್ಣಕ್ಕೆ. ಹೀಗೆ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷದ ಮಕ್ಕಳು ಮನೆ ಮನೆಯಲ್ಲೂ ಮಾಡುವಂಥ ತಪ್ಪು. ಅವಳ ಕಿವಿಗೂ ಎರಡು ತುಂಬುತ್ತಾ ಬಂದಿತ್ತು. ನಾನು ತಿದ್ದಲಿಲ್ಲ. "ಹೌದಾ! ಅಣ್ಣನಿಗೆ ಕೊಟ್ಟೆಯಾ? ಅಣ್ಣನಿಗೆ ಯಾಕೆ ಕೊಟ್ಟೆ?" ಅಂದೆ.

"ಅಣ್ಣಕ್ಕೆ ಹಸಿವು" ಅಂದಳು.