ಸ್ಕೌಟ್ ದಳದಲ್ಲಿ ಪ್ರಾರ್ಥನೆ, ಪ್ರತಿಜ್ಞೆ ಮತ್ತು ಹಬ್ಬಗಳನ್ನು ನಿಭಾಯಿಸುವ ಬಗೆ

ಕೊಪ್ಪಳ, ರಾಯಚೂರು ಭಾಗದ ಪ್ರೌಢಶಾಲೆಯೊಂದರಲ್ಲಿ ಹೊಸದಾಗಿ ಸ್ಕೌಟ್ ಮಾಸ್ಟರ್ ಆದವರಿಗೆ ಗಂಟು ಕಟ್ಟುವುದನ್ನಾಗಲಿ ಧ್ವಜಾರೋಹಣದ ಕ್ರಮವನ್ನಾಗಲಿ ಕಲಿಯುವುದು ಕಷ್ಟವಲ್ಲ. ಆದರೆ ಲಿಂಗಾಯತ, ಕುರುಬ, ವಾಲ್ಮೀಕಿ, ಮುಸ್ಲಿಂ, ಕ್ರೈಸ್ತ, ಜೈನ ಮನೆಗಳ ಹುಡುಗರು ಒಂದೇ ಸ್ಕಾರ್ಫ್ ಕಟ್ಟಿಕೊಂಡು ನಿಂತಾಗ ಅವರಿಂದ ಯಾವ ಪ್ರಾರ್ಥನೆ ಹೇಳಿಸಬೇಕು, ಶಿಬಿರದಲ್ಲಿ ಉಪವಾಸ ಹಿಡಿದವನಿಗೆ ಏನು ವ್ಯವಸ್ಥೆ ಮಾಡಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಇಟ್ಟುಕೊಳ್ಳದಿದ್ದರೆ, ದಳದಲ್ಲಿ ಹೆಚ್ಚು ಮಂದಿ ಯಾರಿದ್ದಾರೋ ಅವರ ಮನೆಯ ಪದ್ಧತಿಯೇ ಯಾರಿಗೂ ಗೊತ್ತಾಗದಂತೆ ದಳದ ಪದ್ಧತಿಯಾಗಿಬಿಡುತ್ತದೆ. ಸ್ಕೌಟ್ ಪ್ರತಿಜ್ಞೆಯಲ್ಲಿ ಬರುವ ದೇವರ ಬಗೆಗಿನ ಕರ್ತವ್ಯ ಹುಡುಗನದು, ದಳದ್ದಲ್ಲ ಎಂಬ ಒಂದು ತಿಳಿವಳಿಕೆ ಗಟ್ಟಿಯಾಗಿದ್ದರೆ ಉಳಿದ ಬಹುಪಾಲು ತೀರ್ಮಾನಗಳು ತಾವಾಗಿ ಹೊಳೆಯುತ್ತವೆ.

ಮೊದಲು ನಿಮ್ಮ ಸಂಸ್ಥೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ, ಏಕೆಂದರೆ ಸಮವಸ್ತ್ರ ತೊಟ್ಟ ಎಲ್ಲ ಬಾಲಕ ಸಂಘಟನೆಗಳಿಗೂ ಧರ್ಮದೊಂದಿಗೆ ಒಂದೇ ಬಗೆಯ ಸಂಬಂಧವಿಲ್ಲ. 1883ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಸ್ಮಿತ್ ಕಟ್ಟಿದ ಬಾಯ್ಸ್ ಬ್ರಿಗೇಡ್ ಹುಡುಗರಲ್ಲಿ ಕ್ರೈಸ್ತ ಶ್ರದ್ಧೆ ಬೆಳೆಸುವುದನ್ನೇ ಉದ್ದೇಶವೆಂದು ಸಾರಿಕೊಂಡ ಸಂಸ್ಥೆ. ಎನ್‌ಸಿಸಿಯ ಪ್ರತಿಜ್ಞೆ ದೇಶದ ಏಕತೆ ಮತ್ತು ಶಿಸ್ತಿನ ಕುರಿತಾದದ್ದು. ಅಲ್ಲಿ ದೇವರ ಮಾತು ಬರುವುದಿಲ್ಲ. ಸ್ಕೌಟ್ ಚಳವಳಿ ಇವೆರಡರ ನಡುವೆ ನಿಲ್ಲುತ್ತದೆ. 1907ರ ಬ್ರೌನ್‌ಸೀ ದ್ವೀಪದ ಶಿಬಿರದಿಂದ ಅದನ್ನು ಆರಂಭಿಸಿದ ಬೇಡನ್ ಪೊವೆಲ್ ದೇವರ ಬಗೆಗಿನ ಕರ್ತವ್ಯವನ್ನು ಪ್ರತಿಜ್ಞೆಯೊಳಗೇ ಇಟ್ಟರು, ಆದರೆ ಅದನ್ನು ಯಾವ ಮತದ ಮೂಲಕ ನೆರವೇರಿಸಬೇಕು ಎಂಬುದನ್ನು ಹುಡುಗನಿಗೂ ಅವನ ಮನೆಯವರಿಗೂ ಬಿಟ್ಟರು. 1950ರ ನವೆಂಬರ್ 7ರಂದು ಅಸ್ತಿತ್ವಕ್ಕೆ ಬಂದ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯೂ ಇದೇ ದಾರಿ ಹಿಡಿದಿದ್ದು, ಇಷ್ಟವಿದ್ದವರು ಪ್ರತಿಜ್ಞೆಯಲ್ಲಿ ದೇವರು ಎನ್ನುವ ಕಡೆ ಧರ್ಮ ಎಂದು ಹೇಳಬಹುದೆಂಬ ಅವಕಾಶವನ್ನೂ ನೀಡಿದೆ.

ಈ ಅವಕಾಶವಿರುವುದನ್ನು ಹುಡುಗನಿಗೆ ತಿಳಿಸುವುದು ನಿಮ್ಮ ಕೆಲಸ. ಪ್ರವೇಶ ಪರೀಕ್ಷೆ ಮುಗಿದು ದೀಕ್ಷೆಯ, ಅಂದರೆ ಹುಡುಗ ಪ್ರತಿಜ್ಞೆ ಸ್ವೀಕರಿಸಿ ಸ್ಕೌಟ್ ಆಗುವ, ದಿನ ಗೊತ್ತಾದ ಮೇಲೆ, ಅದಕ್ಕೆ ಒಂದು ವಾರ ಮೊದಲು ಪ್ರತಿಯೊಬ್ಬನನ್ನೂ ಬೇರೆಬೇರೆಯಾಗಿ ಕರೆದು, ಪ್ರತಿಜ್ಞೆಯ ಅರ್ಥವನ್ನು ಅವನ ಮಾತಿನಲ್ಲೇ ಹೇಳಿಸಿ, ಯಾವ ಪದ ಬಳಸುತ್ತಾನೆಂದು ಕೇಳಿರಿ. ಬಲಗೈಯ ಮೂರು ಬೆರಳೆತ್ತಿ ಎಲ್ಲರ ಮುಂದೆ ನಿಂತ ಗಳಿಗೆಯಲ್ಲಿ ಅದನ್ನು ಕೇಳಬಾರದು. ಹನ್ನೊಂದು ವರ್ಷದ ಹುಡುಗ ಆಗ ಪಕ್ಕದವನು ಹೇಳಿದ್ದನ್ನೇ ಹೇಳುತ್ತಾನೆ. ದೇವರಲ್ಲಿ ನಂಬಿಕೆಯೇ ಇಲ್ಲ ಎನ್ನುವ ಹುಡುಗನೂ ಒಮ್ಮೊಮ್ಮೆ ಸಿಗುತ್ತಾನೆ. ಬ್ರಿಟನ್ನಿನ ಸ್ಕೌಟ್ ಸಂಸ್ಥೆ ಅಂಥವರಿಗಾಗಿ 2014ರಿಂದ ಬೇರೊಂದು ಪ್ರತಿಜ್ಞೆಯನ್ನು ಜಾರಿಗೆ ತಂದಿದೆ. ನಮ್ಮಲ್ಲಿ ಧರ್ಮ ಎಂಬ ಪದವನ್ನೇ ಅವನ ಮುಂದಿಟ್ಟು, ಸತ್ಯ ಮತ್ತು ನ್ಯಾಯದ ನಡತೆ ಎಂಬ ಅರ್ಥದಲ್ಲಿ ಅದನ್ನು ಒಪ್ಪುತ್ತಾನೆಯೇ ಎಂದು ಸಮಾಧಾನದಿಂದ ಮಾತಾಡಬೇಕು. ಒಪ್ಪದಿದ್ದರೆ ದೀಕ್ಷೆಯನ್ನು ಮುಂದೂಡುವುದು ಸುಳ್ಳು ಪ್ರತಿಜ್ಞೆಗಿಂತ ಮೇಲು.

ವಾರದ ಸಭೆಯ ಪ್ರಾರ್ಥನೆಗೆ ಸಂಸ್ಥೆಯ ಹಿಂದಿ ಪ್ರಾರ್ಥನೆಯೇ ಸಾಕು. ಅದು ಪರಮಾತ್ಮನೆಂದು ಕರೆಯುತ್ತದೆಯೇ ಹೊರತು ಯಾವ ದೇವರ ಹೆಸರನ್ನೂ ಹಿಡಿಯುವುದಿಲ್ಲ. ಅದರ ಮುಂದೆ ಶಾಲೆಯ ರೂಢಿಯ ಶ್ಲೋಕವೊಂದನ್ನು ಸೇರಿಸುವ ಆಸೆ ಹಲವರಿಗಿರುತ್ತದೆ. ಸೇರಿಸಬೇಡಿ.

ಶಿಬಿರದ ಸರ್ವಧರ್ಮ ಪ್ರಾರ್ಥನೆಗೆ ಮಾತ್ರ ಹೆಚ್ಚಿನ ತಯಾರಿ ಬೇಕು. ಸಾಮಾನ್ಯವಾಗಿ ನಡೆಯುವುದೇನೆಂದರೆ, ಹಿಂದಿನ ರಾತ್ರಿ ಶಿಕ್ಷಕರು ಹಾಜರಿ ಪುಸ್ತಕ ತೆರೆದು, ಹೆಸರು ನೋಡಿ, ‘ನೀನು ಕುರಾನ್ ಓದಪ್ಪ, ನೀನು ಬೈಬಲ್ ಓದು’ ಎಂದು ಹಂಚಿಬಿಡುತ್ತಾರೆ. ಅರಬ್ಬಿ ಓದಲು ಬಾರದ ಹುಡುಗ ಇಡೀ ಶಿಬಿರದ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಒಬ್ಬನೇ ಕ್ರೈಸ್ತ ಹುಡುಗ ವರ್ಷವಿಡೀ ದಳದ ಕ್ರೈಸ್ತನಾಗಿಯೇ ಉಳಿಯುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇದು ಸರ್ವಧರ್ಮದ ಪ್ರದರ್ಶನವಷ್ಟೇ. ಇದರ ಬದಲು, ಓದಲು ಇಷ್ಟವಿರುವವರು ಯಾರೆಂದು ಪೆಟ್ರೋಲ್ ಲೀಡರುಗಳ (ದಳದೊಳಗಿನ ಸಣ್ಣ ಗುಂಪುಗಳ ನಾಯಕರ) ಮೂಲಕ ಎರಡು ದಿನ ಮೊದಲೇ ವಿಚಾರಿಸಿ, ಯಾವ ಮತದ ವಾಕ್ಯವನ್ನು ಯಾರು ಬೇಕಾದರೂ ಕನ್ನಡದಲ್ಲಿ ಓದಬಹುದೆಂದು ತಿಳಿಸಿ. ವಚನ, ತತ್ವಪದ, ಕುರಾನ್, ಬೈಬಲ್ ಇವುಗಳಿಂದ ಆಯ್ದ ಭಾಗ ಒಂದೊಂದು ನಿಮಿಷ ಮೀರದಿರಲಿ. ಎಲ್ಲ ಮುಗಿದ ಮೇಲೆ ಎರಡು ನಿಮಿಷ ಮೌನವಿರಲಿ. ಕುದುರೆ ಲಾಳದ ಆಕಾರದಲ್ಲಿ ನಿಂತ ಹುಡುಗರಲ್ಲಿ ಕೈಮುಗಿಯುವವನು ಮುಗಿಯಲಿ, ಕೈಕಟ್ಟಿ ನಿಲ್ಲುವವನು ಹಾಗೆಯೇ ನಿಲ್ಲಲಿ. ಕೈ ಹೇಗಿರಬೇಕೆಂದು ಆಜ್ಞೆ ಕೊಡಬಾರದು.

ಕಾನೂನಿನ ಮಾತನ್ನೂ ತಿಳಿದಿರಬೇಕು. ಸಂವಿಧಾನದ 28ನೆಯ ವಿಧಿಯಂತೆ, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಹಾಜರಾಗುವಂತೆ ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಕಡ್ಡಾಯಪಡಿಸುವಂತಿಲ್ಲ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತೂ ತಮ್ಮ ನಂಬಿಕೆಯ ಕಾರಣ ಹಾಡದಿದ್ದ ಕೇರಳದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಶಿಬಿರದ ಒಪ್ಪಿಗೆ ಪತ್ರದಲ್ಲಿಯೇ ಸರ್ವಧರ್ಮ ಪ್ರಾರ್ಥನೆಯ ಉಲ್ಲೇಖವಿರಲಿ. ಸುಮ್ಮನೆ ನಿಂತವನನ್ನು ಯಾರೂ ಪ್ರಶ್ನಿಸದಿರಲಿ.

ಅದೇ ಪತ್ರದಲ್ಲಿ ಊಟ, ಉಪವಾಸ, ವ್ರತಗಳ ಬಗೆಗೂ ಒಂದು ಸಾಲು ಇದ್ದರೆ ಅರ್ಧ ತೊಂದರೆ ಕಳೆಯಿತು. ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಅನ್ನ, ಸಾರು ಎಲ್ಲರಿಗೂ ನಡೆಯುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬಿಡುವ ಜೈನ ಹುಡುಗನಿಗೆ ಒಗ್ಗರಣೆಗೆ ಮೊದಲೇ ಒಂದು ಪಾಲು ತೆಗೆದಿಡಲು ಅಡುಗೆಯವರಿಗೆ ಹೇಳಿದರೆ ಸಾಕು. ರಂಜಾನ್ ತಿಂಗಳಲ್ಲಿ ಶಿಬಿರ ಬಂದರೆ ರೋಜಾ ಇರುವವರಿಗೆ ಬೆಳಗಿನ ಜಾವದ ಊಟದ ವ್ಯವಸ್ಥೆಯಾಗಬೇಕು. ರಾಯಚೂರಿನ ಬಿಸಿಲಿನಲ್ಲಿ ನೀರು ಮುಟ್ಟದ ಹುಡುಗನನ್ನು ಮಧ್ಯಾಹ್ನದ ಹೈಕ್‌ಗೆ ಕಳಿಸದೆ ನಕ್ಷೆ ಓದುವ ಕೆಲಸಕ್ಕೆ ಹಾಕಿ, ಆದರೆ ಅದರ ಕಾರಣವನ್ನು ಮೈಕಿನಲ್ಲಿ ಸಾರಬೇಡಿ. ಶುಕ್ರವಾರದ ಜುಮ್ಮಾ ನಮಾಜಿನ ಹೊತ್ತಿಗೆ ಪರೀಕ್ಷೆಗಳನ್ನಿಡದಿರುವುದೂ ಹೀಗೆಯೇ.

ಕೊರಳಲ್ಲಿ ಕಟ್ಟಿಕೊಂಡಿರುವುದರ ಬಗ್ಗೆ ವಿಶೇಷ ಎಚ್ಚರ ಬೇಕು. ಶಿವದಾರದಲ್ಲಿ ಇಷ್ಟಲಿಂಗದ ಕರಡಿಗೆ, ತಾಯಿತ, ಶಿಲುಬೆ ಯಾವುದೇ ಇರಲಿ, ಹಗ್ಗ ಹತ್ತುವಾಗ ಸಿಕ್ಕಿಕೊಂಡರೆ ಕೊರಳು ಬಿಗಿಯುತ್ತದೆ. ಹಾಗೆಂದು ‘ತೆಗೆದಿಟ್ಟು ಬಾ’ ಎನ್ನುವುದು ಸರಿಯಲ್ಲ. ಅಂಗಿಯೊಳಗೆ ಇಳಿಬಿಟ್ಟು, ಮೇಲೊಂದು ಬಟ್ಟೆಯನ್ನು ಎದೆಗೆ ಅಡ್ಡಲಾಗಿ ಸುತ್ತಿ ಕಟ್ಟಿಸಿ. ಅದಕ್ಕೂ ಆಗದಿದ್ದರೆ ಆ ಚಟುವಟಿಕೆಯನ್ನೇ ಬದಲಿಸಿ. ಡಿಸೆಂಬರ್ ಹೊತ್ತಿಗೆ ಅಂಜನಾದ್ರಿಗೆ ಹೋಗುವ ಹನುಮ ಮಾಲಾಧಾರಿಗಳೂ ಅಯ್ಯಪ್ಪ ಮಾಲೆ ಹಾಕಿದವರೂ ದಳದಲ್ಲಿರಬಹುದು. ಮಾಲೆ ಕೊರಳಲ್ಲಿರಲಿ, ಸಮವಸ್ತ್ರ ಸಮವಸ್ತ್ರವಾಗಿಯೇ ಇರಲಿ. ಸ್ಕಾರ್ಫ್‌ನ ಜಾಗಕ್ಕೆ ಕೇಸರಿ ಅಥವಾ ಹಸಿರು ಶಲ್ಯ ಬರಲು ಒಮ್ಮೆ ಬಿಟ್ಟರೆ ಮುಂದಿನ ವರ್ಷ ಎರಡೂ ಬರುತ್ತವೆ.

ಸೇವೆಯ ವಿಷಯದಲ್ಲಿ ನಮ್ಮ ಭಾಗದ ರೂಢಿಯೇ ದಾರಿ ತೋರಿಸುತ್ತದೆ. ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳೂ ಇದ್ದಾರೆ; ಅದೇ ಊರಿನಲ್ಲಿ ಹಳೆಯ ಕ್ಯಾಥೊಲಿಕ್ ಚರ್ಚೂ ಇದೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ದಳವನ್ನು ಕರೆದೊಯ್ಯುವವರು ಮೊಹರಂಗೂ ಚರ್ಚಿನ ಹಬ್ಬಕ್ಕೂ ಅಷ್ಟೇ ಮನಸ್ಸಿನಿಂದ ಕರೆದೊಯ್ಯಬೇಕು. ಕುಡಿಯುವ ನೀರು ಕೊಡುವುದು, ಸಾಲು ನಿಲ್ಲಿಸುವುದು, ತಪ್ಪಿಸಿಕೊಂಡ ಮಕ್ಕಳನ್ನು ಮನೆಯವರಿಗೆ ಒಪ್ಪಿಸುವುದು ಸ್ಕೌಟ್ ಕೆಲಸ. ತೇರಿನ ಹಗ್ಗ ಎಳೆಯುವುದು, ಮೊಹರಂನ ಪಂಜಾ ಹೊರುವುದು, ತೀರ್ಥ ಹಂಚುವುದು ಸ್ಕೌಟ್ ಕೆಲಸವಲ್ಲ. ಅವುಗಳಲ್ಲಿ ಭಾಗವಹಿಸುವ ಆಸೆಯಿರುವ ಹುಡುಗ ಪಾಳಿ ಮುಗಿಸಿ, ಸ್ಕಾರ್ಫ್ ಬಿಚ್ಚಿಟ್ಟು, ಮನೆಯವರ ಜೊತೆ ಹೋಗಲಿ. ಆ ದಿನ ಬರಲು ಮನಸ್ಸಿಲ್ಲದ ಹುಡುಗನ ಸೇವಾ ಗಂಟೆಗಳನ್ನು ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ತುಂಬಿಸಿಕೊಡಿ, ಮತ್ತು ಅವನ ಲಾಗ್ ಪುಸ್ತಕದಲ್ಲಿ ಗೈರುಹಾಜರಿ ಎಂದು ಬರೆಯಬೇಡಿ.